ನಿನ್ನ ಹೆಸರಿನ ಕಾಗದ ಮೊದಲು

ಯಳಂದೂರು
ಶುಕ್ರವಾರ

ಪುಟ್ಟಿ,

ನಿಮ್ಮಪ್ಪ ಮೊನ್ನೆ ಕೊಳ್ಳೇಗಾಲದಿಂದ ಬಂದವನು ಊಟಕ್ಕೂ ಕೂರದೆ ಹೊರಟುಹೋದ. ನೀನು ಮೆಚ್ಚಿದ ಹುಡುಗ ಹನೂರಿನಾಚೆ ಮಾರ್ಟಳ್ಳಿಯವನು, ಮನೆಮಾತು ತಮಿಳು, ಭಾನುವಾರ ಚರ್ಚು, ಕೆಲಸ ಇಂಗ್ಲೆಂಡಿನಲ್ಲಿ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ, ‘ನೀನಾದರೂ ಅವಳಿಗೆ ಬುದ್ಧಿ ಹೇಳಕ್ಕ’ ಅಂದ. ಹೇಳ್ತೀನಿ. ಅವನು ಅಂದುಕೊಂಡಿರೋ ಬುದ್ಧಿಯಲ್ಲ, ಅಷ್ಟೆ.

ಪ್ರೀತಿಯ ವಿಷಯ ಮೊದಲು ಮುಗಿಸಿಬಿಡ್ತೀನಿ, ಅದರಲ್ಲಿ ನನಗೆ ಹೆಚ್ಚು ಹೇಳೋಕೇನಿಲ್ಲ. ತಮಿಳೇನು ನಮಗೆ ಹೊಸದೇ? 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಇದ್ದದ್ದೇ ಕೊಯಮತ್ತೂರು ಜಿಲ್ಲೆಯಲ್ಲಿ. ನಿಮ್ಮ ತಾತನಿಗೆ ಸಿಟ್ಟು ಬಂದರೆ ಅರ್ಧ ಬೈಗುಳ ತಮಿಳಿನಲ್ಲೇ ಬರುತ್ತಿತ್ತು. ಇನ್ನು ಜಾತಿಯ ಮಾತೆತ್ತಿದರೆ ಬಿಳಿಗಿರಿ ಬೆಟ್ಟದ ಕಡೆ ಕೈ ತೋರಿಸು. ಅಲ್ಲಿನ ದೇವರು ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಕಟ್ಟಿಕೊಂಡ. ಸೋಲಿಗರಿಗೆ ಅವನು ಇವತ್ತಿಗೂ ಭಾವನೇ. ಆ ಭಾವನ ತೇರಿಗೆ ಹೋಗಿ ಹಣ್ಣು ಜವನ ಎಸೆದು ಕೈ ಮುಗಿದು ಬರೋನು ನಿಮ್ಮಪ್ಪ. ಇದನ್ನ ಅವನ ಮುಖಕ್ಕೇ ಹೇಳಿದೆ. ನಗಲಿಲ್ಲ. ಇನ್ನೊಂದೆರಡು ಸಲ ಹೇಳಬೇಕು.

ನನ್ನ ತಕರಾರು ಬೇರೆ ಕಣಮ್ಮಿ. ‘ಮದುವೆಯಾಗಿ ಅವನ ವೀಸಾದ ಮೇಲೆ ಡಿಪೆಂಡೆಂಟ್ ಆಗಿ ಹೋಗ್ತೀನಿ, ಪರೀಕ್ಷೆಗಿರೀಕ್ಷೆ ಅಲ್ಲಿಗೆ ಹೋದಮೇಲೆ ನೋಡಿಕೊಂಡರಾಯ್ತು’ ಅಂದೆಯಂತೆ. ಮೈಸೂರಿನಲ್ಲಿ ಐಸಿಯು ರಾತ್ರಿಪಾಳಿ ನಡೆಸಿದವಳು, ಡ್ಯೂಟಿ ಡಾಕ್ಟರು ಬರೋಷ್ಟರಲ್ಲಿ ಅರ್ಧ ಕೆಲಸ ಮುಗಿಸಿಟ್ಟಿರೋಳು ನೀನು. ಆದರೆ ಅಲ್ಲಿ ಎನ್‌ಎಂಸಿ ಅನ್ನೋ ಕೌನ್ಸಿಲ್‌ನಿಂದ ಪಿನ್ ನಂಬರು ಬರೋ ತನಕ ರಿಜಿಸ್ಟರ್ಡ್ ನರ್ಸ್ ಅನ್ನಿಸಿಕೊಳ್ಳೋ ಹಾಗಿಲ್ಲ. ಕೇರ್ ಅಸಿಸ್ಟೆಂಟ್ ಕೆಲಸ ಸಿಕ್ಕೀತು. ಮೈ ಒರೆಸೋದು, ಹಾಸಿಗೆ ಬದಲಿಸೋದು ಕೀಳು ಅಂತ ನಾನು ಅನ್ನೋಳಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ರಿಟೈರ್ ಆಗೋವರೆಗೂ ಮಾಡಿದ್ದೇ ಅದು. ಭಯ ಇರೋದು ಬೇರೆ ಕಡೆ. ಆ ಸಂಬಳಕ್ಕೆ ಮನೆ ಬಾಡಿಗೆ ಹೊಂದಿಕೊಳ್ಳುತ್ತೆ, ಆಮೇಲೆ ಬಸುರಿ ಬಾಣಂತನ, ಪರೀಕ್ಷೆ ಮುಂದಿನ ವರ್ಷಕ್ಕೆ, ಅದರ ಮುಂದಿನ ವರ್ಷಕ್ಕೆ. ಯಾರೂ ತಡೆದಿರಲ್ಲ, ಗಂಡನೂ ಒಳ್ಳೆಯವನೇ ಆಗಿರ್ತಾನೆ. ಆದರೂ ನಲವತ್ತಾಗೋ ಹೊತ್ತಿಗೆ ಕೈಯಲ್ಲಿದ್ದ ವಿದ್ಯೆ ಹೋಗಿರುತ್ತೆ.

ಅದಕ್ಕೇ ಹೇಳೋದು, ಇಲ್ಲೇ ಆಗೋದನ್ನ ಇಲ್ಲೇ ಮುಗಿಸು. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ ಓದು, ಕೇಳು, ಮಾತು ಮೂರಕ್ಕೂ 7, ಬರವಣಿಗೆಗೆ 6.5 ಬೇಕು. ಸಿಬಿಟಿ ಅನ್ನೋ ಕಂಪ್ಯೂಟರ್ ಪರೀಕ್ಷೆಯನ್ನ ಬೆಂಗಳೂರಿನಲ್ಲೇ ಕೂತು ಬರೆಯಬಹುದು: 15 ಲೆಕ್ಕ, 100 ಪ್ರಶ್ನೆ, ಫೀಸು 83 ಪೌಂಡ್. ಲೆಕ್ಕ ಅಂದರೆ ಡ್ರಿಪ್ಪು ನಿಮಿಷಕ್ಕೆ ಎಷ್ಟು ಹನಿ, ಇಷ್ಟು ಮಿಲಿಗ್ರಾಂಗೆ ಎಷ್ಟು ಎಂಎಲ್, ಈ ಜಾತಿಯವು. ನಿನಗೆ ನಿದ್ದೆಗಣ್ಣಲ್ಲೂ ಬರುತ್ತೆ. ರಾಜೀವ್ ಗಾಂಧಿ ಯೂನಿವರ್ಸಿಟಿಯ ಟ್ರಾನ್ಸ್‌ಕ್ರಿಪ್ಟು, ನಮ್ಮ ನರ್ಸಿಂಗ್ ಕೌನ್ಸಿಲ್‌ನ ವೆರಿಫಿಕೇಶನ್ನು ಇವೆರಡಕ್ಕೂ ಕಾಲು ಸವೆಸಬೇಕು. ಇಲ್ಲಿರುವಾಗ ನೀನೇ ಹೋಗಿ ಕೌಂಟರ್ ಮುಂದೆ ನಿಲ್ಲಬಹುದು. ಅಲ್ಲಿಗೆ ಹೋದಮೇಲೆ ನಿಮ್ಮಪ್ಪ ಮಗ್ಗ ಬಿಟ್ಟು ಬೆಂಗಳೂರು ಬಸ್ ಹತ್ತಬೇಕು.

ಅಲ್ಲಿಗೇ ಹೋಗಿ ಕೊಡಬೇಕಾದದ್ದು ಆಸ್ಕಿ ಅನ್ನೋ ಪ್ರಾಕ್ಟಿಕಲ್ ಪರೀಕ್ಷೆ ಒಂದು. ಅದರ ಫೀಸು 794 ಪೌಂಡ್, ನಮ್ಮ ದುಡ್ಡಲ್ಲಿ ಹೆಚ್ಚುಕಮ್ಮಿ ಒಂದು ಲಕ್ಷ. ಹತ್ತು ಸ್ಟೇಷನ್, ಕೆಲವು ಬರೆದರೆ ಮುಗಿಯುವಂಥವು, ಮಿಕ್ಕವನ್ನ ಮಾಡಿ ತೋರಿಸಬೇಕು. ಕಾಮಗೆರೆ ಕಡೆಯ ಹುಡುಗಿಯೊಬ್ಬಳು ಕೊಟ್ಟು ಪಾಸಾದಳು, ವೀಡಿಯೋ ಕಾಲ್‌ನಲ್ಲಿ ನನಗೆ ಇಡೀ ನಾಟಕ ಆಡಿ ತೋರಿಸಿದಳು. ನಾವಿಲ್ಲಿ ಬೆಡ್ ನಂಬರು ನೋಡಿ, ಮುಖ ನೋಡಿ, ‘ಅಜ್ಜಿ, ಕೈ ಕೊಡಿ’ ಅಂತ ಚುಚ್ಚಿ ಮುಂದಿನ ಮಂಚಕ್ಕೆ ಹೋಗೋ ಜನ. ವಾರ್ಡ್ ತುಂಬ ರೋಗಿಗಳಿದ್ದರೆ ಇನ್ನೇನು ಮಾಡೋಕಾಗುತ್ತೆ? ಅಲ್ಲಿ ಕೈ ತೊಳೆದು, ನಿನ್ನ ಹೆಸರು ಹೇಳಿ, ಅವರ ಹೆಸರು ಹುಟ್ಟಿದ ತಾರೀಖು ಅವರ ಬಾಯಲ್ಲೇ ಹೇಳಿಸಿ, ಕೈಗೆ ಕಟ್ಟಿದ ಪಟ್ಟಿಯ ಜತೆ ತಾಳೆ ನೋಡಿ, ಅಲರ್ಜಿ ಉಂಟೇ ಅಂತ ಕೇಳಿ, ಕೊಡಲೇ ಅಂತ ಒಪ್ಪಿಗೆ ಪಡೆದು, ಆಮೇಲೆ ಮಾತ್ರೆ. ಇಷ್ಟೂ ಗಟ್ಟಿಯಾಗಿ ಆಗಬೇಕು. ಮನಸ್ಸಿನಲ್ಲೇ ನೋಡಿಕೊಂಡೆ ಅಂದರೆ ನೋಡಿದ ಲೆಕ್ಕಕ್ಕೆ ಬರಲ್ಲವಂತೆ. ಕೈ ಚುರುಕು ಬಾಯಿ ಮೌನ ಅನ್ನೋ ನಿನ್ನಂಥವಳು ಎಡವೋದು ಇಲ್ಲೇ. ಕನ್ನಡಿ ಮುಂದೆ ಅಲ್ಲ, ನಿಮ್ಮಮ್ಮನನ್ನ ಮಂಚದ ಮೇಲೆ ಮಲಗಿಸಿ ಅಭ್ಯಾಸ ಮಾಡು. ಅವಳು ಮಧ್ಯೆ ಬಾಯಿ ಹಾಕ್ತಾಳೆ, ನಿಜವಾದ ರೋಗಿಯ ಹಾಗೇ.

ನೆನಪಿರಲಿ, ಕೋವಿಡ್ ಆದಮೇಲೆ ಅಲ್ಲಿನ ಆಸ್ಪತ್ರೆಗಳು ನಮ್ಮವರನ್ನ ತಾವಾಗಿ ಕರೆಸಿಕೊಂಡ ಕಾಲ ಈಗಿಲ್ಲ, ನೇಮಕ ಬಹಳ ಇಳಿದಿದೆ. ಈ ಬಿಗಿಯಲ್ಲೇ ಏಜೆಂಟರು ಹುಟ್ಟಿಕೊಳ್ಳೋದು. ಸ್ಪಾನ್ಸರ್‌ಶಿಪ್ ಕೊಡಿಸ್ತೀನಿ, ಇಷ್ಟು ಲಕ್ಷ ಇಡು ಅಂದವನ ಮೆಟ್ಟಿಲಿಳಿದು ಬಾ. ಕೆಲಸ ಕೊಡಿಸೋಕೆ ನರ್ಸ್ ಹತ್ತಿರ ದುಡ್ಡು ಕೀಳಬಾರದು ಅಂತ ಅವರ ದೇಶದ ನಿಯಮವೇ ಇದೆ. ಹಾಗೇ ಒರಿಜಿನಲ್ ಸರ್ಟಿಫಿಕೇಟು ಯಾರ ಕೈಗೂ ಕೊಟ್ಟಿರಬೇಡ, ಗಂಡನ ಬ್ಯಾಗಿನಲ್ಲೂ ಬೇಡ. ನನ್ನ ಜತೆ ಓದಿದ ಒಬ್ಬಳು ಕುವೈತಿನಲ್ಲಿದ್ದಳು. 1990ರಲ್ಲಿ ಇರಾಕಿನವರು ನುಗ್ಗಿದಾಗ ಉಟ್ಟ ಬಟ್ಟೆಯಲ್ಲಿ ಅಮ್ಮಾನ್‌ವರೆಗೆ ಹೋಗಿ ವಿಮಾನ ಹತ್ತಿ ಬಂದಳು. ಅವಳ ಸರ್ಟಿಫಿಕೇಟು ಅಲ್ಲಿ ಕೆಲಸ ಕೊಟ್ಟವರ ಬೀರುವಿನಲ್ಲೇ ಉಳಿಯಿತು. ಜೀವ ಉಳಿದದ್ದಕ್ಕೆ ಎಲ್ಲರೂ ಹರಕೆ ತೀರಿಸಿದರು. ತಾನು ನರ್ಸ್ ಅಂತ ಊರಲ್ಲಿ ಮತ್ತೆ ರುಜುವಾತು ಮಾಡೋಕೆ ಅವಳು ಪಟ್ಟ ಪಾಡು ನಾನೊಬ್ಬಳೇ ನೋಡಿದ್ದು.

ಕೈಯಲ್ಲಿನ ಕೆಲಸ ಎಷ್ಟು ದೊಡ್ಡದು ಅಂತ ತಿಳಿಯೋಕೆ ನಮ್ಮೂರ ಸಂಚಿ ಹೊನ್ನಮ್ಮನ್ನೇ ನೋಡು, ನೀನು ಸ್ಕೂಲಿನಲ್ಲಿ ಓದಿದ್ದೀಯ. ಯಳಂದೂರಿನವಳು, ಚಿಕ್ಕದೇವರಾಜ ಒಡೆಯರ ಅರಮನೆಗೆ ಸಂಚಿ ಹಿಡಿಯೋ ಕೆಲಸಕ್ಕೆ ಹೋದವಳು. ‘ಹದಿಬದೆಯ ಧರ್ಮ’ ಬರೆದು ಹೆಂಡತಿ ಹೇಗಿರಬೇಕು ಅಂತ ನಾಡಿಗೆಲ್ಲ ಹೇಳಿದಳು. ನನಗೆ ನಗು ಬರೋದು ಯಾಕೆ ಗೊತ್ತೇ? ಹಾಗೆ ಹೇಳಿದವಳು ಊರು ಬಿಟ್ಟು ಹೋಗಿ ದುಡಿದವಳು. ಮುನ್ನೂರು ವರ್ಷ ದಾಟಿದ ಮೇಲೂ ಅವಳನ್ನ ಕರೆಯೋದು ಅವಳ ಕೆಲಸದ ಹೆಸರಿನಿಂದಲೇ. ಗಂಡನ ಹೆಸರು ಕೇಳು, ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಹುಡುಗನ ಜತೆ ದುಡ್ಡಿನ ಮಾತು ಈಗಲೇ ಆಡು, ನಾಚಿಕೊಳ್ಳಬೇಡ. ಪಿನ್ ಬರೋವರೆಗೆ ಮನೆ ಅವನ ಸಂಬಳದಲ್ಲಿ ನಡೆಯುತ್ತೆ. ಆ ತಿಂಗಳುಗಳಲ್ಲಿ ನೀನು ಓದೋಕೆ ಕೂತಾಗ ಅಡುಗೆ ಯಾರದು, ನಿಮ್ಮಪ್ಪನಿಗೆ ಕಳಿಸೋದನ್ನ ನಿಲ್ಲಿಸಬೇಕಾಗುತ್ತಾ, ಆಸ್ಕಿಯಲ್ಲಿ ಒಂದು ಸಲ ಹೋದರೆ ಎರಡನೇ ಫೀಸು ಎಲ್ಲಿಂದ? ಇದಕ್ಕೆಲ್ಲ ಅವನು ಮುಖ ಸಿಂಡರಿಸದೆ ಉತ್ತರ ಕೊಟ್ಟರೆ ನನಗೆ ಜಾತಕ ಬೇಡ. ‘ಬಾ ಮೊದಲು, ನೋಡೋಣ’ ಅಂದನೋ, ನನಗೊಂದು ಫೋನು ಮಾಡು.

ಮದುವೆಯನ್ನ 1954ರ ವಿಶೇಷ ವಿವಾಹ ಕಾಯ್ದೆ ಕೆಳಗೆ ರಿಜಿಸ್ಟರ್ ಮಾಡಿಸಿ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಟಿಸು ಕೊಟ್ಟಮೇಲೆ 30 ದಿನ ಕಾಯಬೇಕು, ನೋಟಿಸನ್ನ ಎಲ್ಲರ ಕಣ್ಣಿಗೆ ಬೀಳೋ ಹಾಗೆ ಅಂಟಿಸ್ತಾರೆ. ಹಾಗೆ ಅಂಟಿಸೋದಕ್ಕೆ ಮೊದಲು ನಿಮ್ಮಪ್ಪನ ಕಿವಿಗೆ ಎಲ್ಲವೂ ನಿನ್ನ ಬಾಯಿಂದಲೇ ಬಿದ್ದಿರಬೇಕು. ಹುಡುಗನಿಗೆ ಎಷ್ಟು ದಿನ ರಜ ಸಿಗುತ್ತೆ ಅಂತ ಕೇಳಿ ಅದಕ್ಕೆ ತಕ್ಕಂತೆ ತಾರೀಖು ಹಿಡಿಯಿರಿ.

ಮುಂದಿನ ಭಾನುವಾರ ಇಲ್ಲಿಗೆ ಬಾ. ಸರ್ಟಿಫಿಕೇಟಿನ ಫೈಲು ತಾ, ಪ್ರತಿಯೊಂದರಲ್ಲೂ ನಿನ್ನ ಹೆಸರಿನ ಸ್ಪೆಲ್ಲಿಂಗು ಒಂದೇ ಇದೆಯೇ ನೋಡಬೇಕು. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಅಕ್ಷರ ಜಾಸ್ತಿ ಇದ್ದ ಹಾಗೆ ನೆನಪು. ನಿಮ್ಮಪ್ಪನ್ನೂ ಅವತ್ತೇ ಬರಹೇಳಿದ್ದೀನಿ, ನೀನು ಬರ್ತೀಯ ಅಂತ ಹೇಳಿಲ್ಲ.

ಇಂತಿ ನಿನ್ನ
ಅತ್ತೆ