ತೇರಿನ ಬೆಣೆಯಿಂದ ತಟ್ಟೆ ಬ್ರೇಕಿನವರೆಗೆ

ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಯಾಗಲಿ, ಬೇರಾವ ಊರಿನ ಜಾತ್ರೆಯಾಗಲಿ, ತೇರನ್ನೆಳೆಯಲು ನೂರಾರು ಕೈಗಳು ಬೇಕು. ಅದನ್ನು ನಿಲ್ಲಿಸಲು ಮಾತ್ರ ಕೆಲವರೇ ಸಾಕು. ಅವರ ಸಾಧನವೆಂದರೆ ಒಂದು ಮರದ ಬೆಣೆ. ಉರುಳುತ್ತಿರುವ ಗಾಲಿಯ ಮುಂದೆ ಬೆಣೆಯನ್ನಿಟ್ಟೊಡನೆ ಗಾಲಿಯೇ ಅದನ್ನು ನೆಲಕ್ಕೆ ಅದುಮುತ್ತದೆ. ತೇರು ಎಷ್ಟು ಬಲವಾಗಿ ನುಗ್ಗುವುದೋ ಅಷ್ಟೇ ಬಲವಾಗಿ ಬೆಣೆಯೂ ಕಚ್ಚಿಕೊಳ್ಳುವುದು. ನಿಲ್ಲಬೇಕಾದ ವಸ್ತುವಿನ ಶಕ್ತಿಯನ್ನೇ ಅದನ್ನು ನಿಲ್ಲಿಸಲು ಬಳಸಿಕೊಳ್ಳುವ ಈ ಉಪಾಯವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದು ನಮಗೆ ಬೇಕಾಗುತ್ತದೆ.

ಹುಮನಾಬಾದಿನಿಂದ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಬಸವಕಲ್ಯಾಣದ ಕಡೆಗೆ ಹೊರಟರೆ ಪುಣೆ ಮತ್ತು ಹೈದರಾಬಾದುಗಳ ನಡುವೆ ಓಡಾಡುವ ಲಾರಿಗಳ ಸಾಲು ಕಾಣುತ್ತದೆ. ಅವುಗಳ ದುರಸ್ತಿಗೆಂದೇ ಬೆಳೆದು ನಿಂತಿರುವುದು ಬಸವಕಲ್ಯಾಣದ ಆಟೋ ನಗರ. ಇಂತಹ ಕಾರ್ಯಾಗಾರಗಳಲ್ಲಿ ಕೈ ಪಳಗಿದ ತರುಣರಿಗೆ ಹಳೆಯ ಕಾರೊಂದನ್ನು ಓಟದ ಕಾರನ್ನಾಗಿ ಮಾರ್ಪಡಿಸುವ ಆಸೆ ಹುಟ್ಟುವುದು ಸಹಜ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಮೊದಲಾದ ಓಟದ ಹಾದಿಗಳಿಗೆ ಇಲ್ಲಿಂದ ದೂರ ಬಹಳ. ಆದರೆ ಭೌತಶಾಸ್ತ್ರದ ನಿಯಮಗಳು ಎಲ್ಲೆಡೆಯೂ ಒಂದೇ. ಆ ತರುಣರು ಬಹು ಬೇಗನೆ ಕೇಳುವ ಪ್ರಶ್ನೆಯೊಂದುಂಟು: ‘ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕು ಇದೆ, ಹಿಂದಿನವುಗಳಿಗೆ ಡ್ರಮ್ಮೇ ಇದೆ. ಅದನ್ನೂ ಡಿಸ್ಕಿಗೆ ಬದಲಾಯಿಸಿದರೆ ಕಾರು ಇನ್ನೂ ಬೇಗ ನಿಲ್ಲುವುದಲ್ಲವೆ?’ ಈ ಪ್ರಶ್ನೆಗೆ ಉತ್ತರವನ್ನು ನಾವು ಲೆಕ್ಕದಿಂದಲೇ ಕಂಡುಕೊಳ್ಳೋಣ.

ಡ್ರಮ್ಮು ಮತ್ತು ತಟ್ಟೆ

ಡ್ರಮ್ ಬ್ರೇಕಿನಲ್ಲಿ ಗಾಲಿಯೊಡನೆ ತಿರುಗುವ ಎರಕದ ಕಬ್ಬಿಣದ ಡಬ್ಬಿಯೊಂದಿರುತ್ತದೆ. ಅದರೊಳಗೆ ಅರ್ಧಚಂದ್ರಾಕೃತಿಯ ಎರಡು ‘ಶೂ’ಗಳು ನಿಶ್ಚಲವಾಗಿರುತ್ತವೆ. ಕಾಲಿನಿಂದ ಪೆಡಲನ್ನು ಒತ್ತಿದಾಗ ಬ್ರೇಕಿನ ದ್ರವದ ಒತ್ತಡವು ಶೂಗಳನ್ನು ಹೊರಕ್ಕೆ ತಳ್ಳಿ ಡಬ್ಬಿಯ ಒಳಮೈಗೆ ಉಜ್ಜುತ್ತದೆ. ಎರಡು ಶೂಗಳಲ್ಲಿ ಒಂದನ್ನು ತಿರುಗುವ ಡಬ್ಬಿಯೇ ತನ್ನತ್ತ ಸೆಳೆದುಕೊಂಡು ಮತ್ತಷ್ಟು ಬಿಗಿಯಾಗಿಸುತ್ತದೆ. ಇದು ನಾವು ಕಂಡ ತೇರಿನ ಬೆಣೆಯ ಉಪಾಯವೇ ಸರಿ. ಆದ್ದರಿಂದ ಡ್ರಮ್ ಬ್ರೇಕಿಗೆ ಕಾಲಿನ ಶ್ರಮ ಕಡಮೆ ಸಾಕು. ಕೈಬ್ರೇಕನ್ನು ಜೋಡಿಸುವುದೂ ಸುಲಭ.

ಡಿಸ್ಕ್ ಬ್ರೇಕಿನಲ್ಲಿ ಗಾಲಿಯೊಡನೆ ತಿರುಗುವುದು ಬಯಲಾಗಿರುವ ಒಂದು ತಟ್ಟೆ. ಕ್ಯಾಲಿಪರ್ ಎಂಬ ಇಕ್ಕಳವು ಅದನ್ನು ಎರಡೂ ಕಡೆಯಿಂದ ಹಿಡಿಯುತ್ತದೆ. ಇಲ್ಲಿ ಬೆಣೆಯ ಸಹಾಯವಿಲ್ಲ, ಒತ್ತಿದಷ್ಟೇ ಹಿಡಿತ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಇಂತಹ ಬ್ರೇಕಿಗೆ ಪೇಟೆಂಟು ಪಡೆದಿದ್ದನು. ಆದರೂ ಜಗತ್ತಿನ ಕಣ್ಣು ತೆರೆಸಿದ್ದು 1953ರ ಲ ಮಾನ್ ಸ್ಪರ್ಧೆ. ಫ್ರಾನ್ಸಿನಲ್ಲಿ 24 ಗಂಟೆಗಳ ಕಾಲ ನಡೆಯುವ ಆ ಓಟವನ್ನು ಅಂದು ಡನ್‌ಲಪ್ ಡಿಸ್ಕ್ ಬ್ರೇಕುಗಳಿದ್ದ ಜಾಗ್ವಾರ್ ಕಾರು ಗೆದ್ದಿತು. ಬೆಣೆಯ ಸಹಾಯವಿಲ್ಲದ ಬ್ರೇಕು ಬೆಣೆಯುಳ್ಳದ್ದನ್ನು ಹೇಗೆ ಮೀರಿಸಿತು? ಕಾರಣ ಶಾಖದಲ್ಲಿದೆ.

ವೇಗವು ಎಲ್ಲಿ ಹೋಗುತ್ತದೆ?

ಶಕ್ತಿಯು ನಾಶವಾಗುವುದಿಲ್ಲ, ರೂಪಾಂತರ ಹೊಂದುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಬ್ರೇಕೆಂಬುದು ಚಲನಶಕ್ತಿಯನ್ನು ಶಾಖವನ್ನಾಗಿ ಮಾರ್ಪಡಿಸುವ ಯಂತ್ರ. 900 ಕಿಲೋಗ್ರಾಂ ತೂಕದ ಕಾರೊಂದು ಗಂಟೆಗೆ 108 ಕಿಲೋಮೀಟರ್, ಅಂದರೆ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಓಡುತ್ತಿದೆಯೆಂದು ಭಾವಿಸೋಣ. ಅದರ ಚಲನಶಕ್ತಿ ½ × 900 × 30 × 30 = 4,05,000 ಜೂಲ್. ಕಾರು ನಿಂತಾಗ ಇದರಲ್ಲಿ ಬಹುಪಾಲು ಬ್ರೇಕುಗಳಲ್ಲಿ ಶಾಖವಾಗಿ ಸೇರುತ್ತದೆ. ಇದರ ಕಾಲುಭಾಗ ಹಿಂದಿನ ಗಾಲಿಗಳ ಪಾಲಿಗೆ ಬಂದರೆ ಒಂದೊಂದು ಗಾಲಿಗೆ ಸುಮಾರು 50,000 ಜೂಲ್. ಎರಕದ ಕಬ್ಬಿಣದ ವಿಶಿಷ್ಟೋಷ್ಣವು ಕಿಲೋಗ್ರಾಮಿಗೆ ಸುಮಾರು 460 ಜೂಲ್ ಆದ್ದರಿಂದ, 4 ಕಿಲೋಗ್ರಾಂ ತೂಕದ ಲೋಹದ ಉಷ್ಣತೆಯು ಒಂದೇ ನಿಲುಗಡೆಯಲ್ಲಿ ಸುಮಾರು 27 ಡಿಗ್ರಿ ಏರುವುದು.

ಬೀದಿಯಲ್ಲಿ ಇದು ದೊಡ್ಡ ಮಾತಲ್ಲ. ಓಟದ ಹಾದಿಯಲ್ಲಾದರೋ ಪ್ರತಿಯೊಂದು ತಿರುವಿನಲ್ಲಿಯೂ ಬ್ರೇಕು ಹಾಕಬೇಕು. ಮೊದಲಿನ ಶಾಖವು ಆರುವ ಮುನ್ನವೇ ಹೊಸ ಶಾಖ ಬಂದು ಸೇರುತ್ತದೆ. ಡ್ರಮ್ಮಿನ ಶಾಖವು ಮುಚ್ಚಿದ ಡಬ್ಬಿಯೊಳಗೆ ಹುಟ್ಟಿ ಲೋಹವನ್ನು ದಾಟಿಯೇ ಹೊರಬರಬೇಕು. ಮೇಲಾಗಿ ಕಾದ ಡಬ್ಬಿ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಪೆಡಲು ಕೆಳಗೆ ಇಳಿಯುತ್ತದೆ. ಅತಿಯಾಗಿ ಕಾದಾಗ ಶೂವಿನ ಘರ್ಷಣಾಂಕವೂ ಕುಗ್ಗುತ್ತದೆ. ಬೆಣೆಯ ಗುಣವು ಘರ್ಷಣೆಯನ್ನೇ ಅವಲಂಬಿಸಿರುವುದರಿಂದ, ಘರ್ಷಣೆ ಸ್ವಲ್ಪ ಕುಗ್ಗಿದರೂ ಹಿಡಿತ ಬಹಳವಾಗಿ ಕುಗ್ಗುತ್ತದೆ. ತಟ್ಟೆಯಾದರೋ ಗಾಳಿಗೆ ತೆರೆದುಕೊಂಡಿದೆ. ಕಾದಾಗ ಅದು ದಪ್ಪವಾಗಿ ಇಕ್ಕಳದತ್ತಲೇ ಹಿಗ್ಗುತ್ತದೆ. ತಟ್ಟೆಯ ಮೇಲ್ಮೆ ಇರುವುದು ಹಿಡಿತದ ಬಲದಲ್ಲಲ್ಲ, ಮೊದಲ ಸುತ್ತಿನಲ್ಲಿದ್ದ ಹಿಡಿತವನ್ನು ಹತ್ತನೆಯ ಸುತ್ತಿನಲ್ಲಿಯೂ ಕೊಡುವ ಸ್ಥಿರತೆಯಲ್ಲಿ.

ಹಿಂಗಾಲಿಗಳಿಗೆ ಎಷ್ಟು ಬೇಕು?

ಈಗ ಮುಖ್ಯ ವಿಷಯಕ್ಕೆ ಬರೋಣ. ಬಸ್ಸಿಗೆ ಬ್ರೇಕು ಹಾಕಿದಾಗ ನಿಂತವರು ಮುಂದಕ್ಕೆ ವಾಲುವುದನ್ನು ನೋಡಿದ್ದೇವೆ. ಕಾರಿನ ಭಾರವೂ ಹಾಗೆಯೇ ಮುಂದಿನ ಗಾಲಿಗಳ ಮೇಲೆ ಸರಿಯುತ್ತದೆ. ನಮ್ಮ ಕಾರಿನ 900 ಕಿಲೋಗ್ರಾಮಿನಲ್ಲಿ ನಿಂತಾಗ 360 ಕಿಲೋಗ್ರಾಂ ಹಿಂದಿನ ಗಾಲಿಗಳ ಮೇಲಿರಲಿ. ಗುರುತ್ವಕೇಂದ್ರದ ಎತ್ತರ 0.5 ಮೀಟರ್, ಅಚ್ಚುಗಳ ನಡುವಣ ದೂರ 2.4 ಮೀಟರ್ ಇರಲಿ. ಗುರುತ್ವ ವೇಗೋತ್ಕರ್ಷದ 0.8ರಷ್ಟು ದರದಲ್ಲಿ ವೇಗ ಇಳಿಯುತ್ತಿದ್ದರೆ ಮುಂದಕ್ಕೆ ಸರಿಯುವ ಭಾರ

900 × 0.8 × 0.5 ÷ 2.4 = 150 ಕಿಲೋಗ್ರಾಂ.

ಹಿಂದೆ ಉಳಿದದ್ದು 210 ಕಿಲೋಗ್ರಾಂ ಮಾತ್ರ. ಟೈರಿಗೂ ನೆಲಕ್ಕೂ ನಡುವಣ ಘರ್ಷಣಾಂಕವು 0.8 ಆದರೆ, ಹಿಂದಿನ ಎರಡು ಗಾಲಿಗಳೂ ಸೇರಿ ತಡೆದುಕೊಳ್ಳಬಲ್ಲ ಬ್ರೇಕಿನ ಬಲ 210 × 0.8 = 168 ಕಿಲೋಗ್ರಾಂ ಭಾರ. ಇದಕ್ಕಿಂತ ಹೆಚ್ಚಾದರೆ ಗಾಲಿಗಳು ತಿರುಗುವುದನ್ನು ನಿಲ್ಲಿಸಿ ಜಾರತೊಡಗುತ್ತವೆ.

ತರುಣನೊಬ್ಬನು ಬೇರೊಂದು ಕಾರಿನ ಕ್ಯಾಲಿಪರನ್ನು ತಂದು ಇಲ್ಲಿ ಜೋಡಿಸುವನೆಂದು ಇಟ್ಟುಕೊಳ್ಳೋಣ. ಅದರ ಪಿಸ್ಟನ್ನಿನ ವಿಸ್ತೀರ್ಣ 9 ಚದರ ಸೆಂಟಿಮೀಟರ್. ದ್ರವದ ಒತ್ತಡ ಚದರ ಸೆಂಟಿಮೀಟರಿಗೆ 50 ಕಿಲೋಗ್ರಾಂ. ಪಾಸ್ಕಲನ ನಿಯಮದಂತೆ ಅದುಮುವ ಬಲ 450 ಕಿಲೋಗ್ರಾಂ ಭಾರ. ಉಜ್ಜುವ ಮೈಗಳು ಎರಡು, ಅವುಗಳ ಘರ್ಷಣಾಂಕ 0.4; ಆದುದರಿಂದ ತಟ್ಟೆಯ ಮೇಲಣ ಬಲ 450 × 2 × 0.4 = 360. ಈ ಬಲ ವರ್ತಿಸುವ ತ್ರಿಜ್ಯ 9 ಸೆಂಟಿಮೀಟರ್, ಟೈರಿನ ತ್ರಿಜ್ಯ 27 ಸೆಂಟಿಮೀಟರ್ ಆದರೆ ನೆಲದ ಮೇಲೆ ದೊರೆಯುವುದು ಅದರ ಮೂರರಲ್ಲೊಂದು ಪಾಲು, ಅಂದರೆ 120. ಎರಡು ಗಾಲಿಗಳಿಗೆ 240.

ನೆಲ ತಡೆಯಬಲ್ಲುದು 168. ಬ್ರೇಕು ಕೊಡುವುದು 240! ಹಿಂಗಾಲಿಗಳು ಬಿಗಿದುಕೊಳ್ಳುವುದು ಖಂಡಿತ. ಮುಂಗಾಲಿಗಳು ಬಿಗಿದರೆ ಕಾರು ಹಿಡಿದ ನೇರದಲ್ಲಿಯೇ ಜಾರುತ್ತದೆ. ಹಿಂಗಾಲಿಗಳು ಬಿಗಿದರೆ ಅವುಗಳಿಗೆ ಪಕ್ಕದ ಹಿಡಿತವೇ ಇಲ್ಲವಾಗಿ ಕಾರಿನ ಬಾಲ ಮುಂದಕ್ಕೆ ಬರುತ್ತದೆ, ಕಾರು ಬುಗುರಿಯಂತೆ ತಿರುಗುತ್ತದೆ. ಬಲವಾದ ಬ್ರೇಕನ್ನು ಹಾಕಿಸಿಕೊಂಡೆನೆಂದು ನಂಬಿದವನು ಮೊದಲ ತಿರುವಿನಲ್ಲಿಯೇ ಅಪಾಯಕ್ಕೊಳಗಾಗುವ ಬಗೆ ಇದು. ನಮ್ಮ ತರುಣನ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಕಾರು ನಿಲ್ಲುವ ದೂರಕ್ಕೆ ಕೊನೆಯ ಮಿತಿಯನ್ನು ಹಾಕುವುದು ಟೈರು ಮತ್ತು ನೆಲ, ಬ್ರೇಕಿನ ಜಾತಿಯಲ್ಲ.

ಪರಿಹಾರವೇನು? ದ್ರವದ ಒತ್ತಡವನ್ನು ಹಿಂದಿನ ಬ್ರೇಕಿಗೆ ಮಾತ್ರ ತಗ್ಗಿಸುವ ಕವಾಟವುಂಟು. ಒತ್ತಡವನ್ನು 50ರಿಂದ 35ಕ್ಕೆ ಇಳಿಸಿದರೆ 240 ಇದ್ದದ್ದು ಸರಿಯಾಗಿ 168 ಆಗುತ್ತದೆ. ವಾಸ್ತವದಲ್ಲಿ ಮತ್ತೂ ಸ್ವಲ್ಪ ಕೆಳಗೇ ನಿಲ್ಲಿಸಬೇಕು. ಮುಂಗಾಲಿಗಳೇ ಮೊದಲು ಬಿಗಿಯುವಂತಿರುವುದು ಕ್ಷೇಮ. ಚಿಕ್ಕ ಪಿಸ್ಟನ್ನಿನ ಕ್ಯಾಲಿಪರನ್ನು ಆರಿಸುವುದು ಇನ್ನೊಂದು ದಾರಿ.

ಜೋಡಣೆಯಲ್ಲಿ ಗಮನಿಸಬೇಕಾದ ಅಂಶಗಳು

ಕ್ಯಾಲಿಪರನ್ನು ಹಿಡಿಯುವ ಉಕ್ಕಿನ ತುಂಡು ಬ್ರೇಕಿನ ಪೂರ್ಣ ಬಲವನ್ನು ಹೊರುತ್ತದೆ. ಅದನ್ನು ತೆಳುವಾದ ತಗಡಿನಿಂದ ಮಾಡಲಾಗದು. ತಟ್ಟೆಯು ಕ್ಯಾಲಿಪರಿನ ನಟ್ಟನಡುವೆ, ಓರೆಯಿಲ್ಲದೆ ತಿರುಗಬೇಕು. ಹಳೆಯ ಡ್ರಮ್ ವ್ಯವಸ್ಥೆಗಳ ಕೊಳವೆಯಲ್ಲಿ ಸ್ವಲ್ಪ ಒತ್ತಡವನ್ನು ಸದಾ ಉಳಿಸುವ ಕವಾಟವಿರುವುದುಂಟು. ತಟ್ಟೆಗೆ ಅದು ಉಳಿದರೆ ಇಕ್ಕಳ ಬಿಡದೆ ಉಜ್ಜಿ ಕಾಯುವುದು. ದೊಡ್ಡ ಪಿಸ್ಟನ್ನಿಗೆ ಹೆಚ್ಚು ದ್ರವ ಬೇಕಾದ್ದರಿಂದ ಮುಖ್ಯ ಸಿಲಿಂಡರು ಸಾಲುವುದೇ ಎಂಬುದನ್ನೂ ಪರೀಕ್ಷಿಸಬೇಕು. ಡ್ರಮ್ಮಿನೊಡನೆ ಕೈಬ್ರೇಕೂ ಹೋಗುವುದರಿಂದ ಅದಕ್ಕೆ ಬೇರೆ ಏರ್ಪಾಡು ಬೇಕು. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ವರ್ಗದ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ. ತೇವ ಸೇರಿದಾಗಿನ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ಕುದಿದ ದ್ರವದಲ್ಲಿ ಆವಿಯ ಗುಳ್ಳೆಗಳಾದರೆ ಪೆಡಲು ಮೆತ್ತಗಾಗಿ ಬ್ರೇಕೇ ಇಲ್ಲವಾಗುವುದು.

ಹಳೆಯ ಶೂಗಳ ಧೂಳನ್ನು ಬಾಯಿಂದಾಗಲಿ ಗಾಳಿಯ ಕೊಳವೆಯಿಂದಾಗಲಿ ಎಂದಿಗೂ ಊದಬಾರದು. ಅದರಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸುವುದೇ ಸರಿ. ಇನ್ನೊಂದು ಮಾತು: ನಾವು ಹೇಳಿದ್ದೆಲ್ಲವೂ ಓಟದ ಹಾದಿಯಲ್ಲಿ ಮಾತ್ರ ಓಡುವ ಕಾರಿಗೆ ಸಂಬಂಧಿಸಿದ್ದು. ರಸ್ತೆಯ ವಾಹನವನ್ನು ನೋಂದಣಿ ಪತ್ರದ ವಿವರಗಳಿಗೆ ವಿರುದ್ಧವಾಗಿ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ನು ನಿರ್ಬಂಧಿಸುತ್ತದೆ.

ತೇರಿಗೆ ಬೆಣೆಯಿಡುವವರು ಎಲ್ಲ ಗಾಲಿಗಳಿಗೂ ಒಂದೇ ಸಮನೆ ಬೆಣೆಯಿಡುವುದಿಲ್ಲ. ಯಾವ ಗಾಲಿಗೆ, ಯಾವಾಗ, ಎಷ್ಟು ಎಂಬುದನ್ನು ಅನುಭವದಿಂದ ಬಲ್ಲರು. ಯಂತ್ರವನ್ನು ಮಾರ್ಪಡಿಸುವವನಿಗೂ ಬೇಕಾದದ್ದು ಅದೇ ವಿವೇಕ. ಅವನಿಗೆ ಅನುಭವದ ಜೊತೆಗೆ ಕಾಗದ ಮತ್ತು ಸೀಸದಕಡ್ಡಿಯ ನೆರವೂ ಇದೆ. ಒಂದು ಭಾಗವನ್ನು ಬದಲಾಯಿಸಿದವನು ಇಡೀ ಯಂತ್ರದ ಲೆಕ್ಕವನ್ನು ಮತ್ತೆ ಹಾಕಬೇಕು.

ಅಭ್ಯಾಸ

1. ಮೇಲಣ ಕಾರಿನ ವೇಗವು ಗಂಟೆಗೆ 72 ಕಿಲೋಮೀಟರ್ ಆದರೆ ಚಲನಶಕ್ತಿ ಎಷ್ಟು? ವೇಗವು ಮೂರರಲ್ಲೊಂದು ಪಾಲು ಕಡಮೆಯಾದರೆ ಶಕ್ತಿಯು ಅರ್ಧಕ್ಕಿಂತಲೂ ಕಡಮೆಯಾಗುವುದೇಕೆ?

2. ಮಳೆ ಬಂದು ನೆಲದ ಘರ್ಷಣಾಂಕವೂ ವೇಗ ಇಳಿಯುವ ದರವೂ 0.4ಕ್ಕೆ ಇಳಿದವು. ಹಿಂಗಾಲಿಗಳು ತಡೆಯಬಲ್ಲ ಬಲವನ್ನೂ, ಒಟ್ಟು ಬಲದಲ್ಲಿ ಅದರ ಪಾಲನ್ನೂ ಕಂಡುಹಿಡಿಯಿರಿ.

ಉತ್ತರ: 1. 1,80,000 ಜೂಲ್, ಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ. 2. 114 ಕಿಲೋಗ್ರಾಂ ಭಾರ. ನೂರಕ್ಕೆ ಸುಮಾರು 32.