ವೋಲ್ಟೇಜ್ ಏರಿಸಿದ ಮೇಲೆ ಡಿಸ್‌ಪ್ಲೇ ಬರದಿದ್ದರೆ

ತಮ್ಮಾ, ಪ್ರೊಸೆಸರ್ ವೋಲ್ಟೇಜ್ ಏರಿಸಿ, ಸೇವ್ ಮಾಡಿ ಹೊರಬಂದಿದ್ದೀಯ. ಫ್ಯಾನ್ ತಿರುಗುತ್ತಿದೆ, ಪರದೆ ಮಾತ್ರ ಕಪ್ಪಗಿದೆ. ನಿನ್ನ ಎದೆ ಹೊಡೆದುಕೊಳ್ಳುತ್ತಿರುವುದು ನನಗೆ ಗೊತ್ತು. ಹೀಗೆ ನಿಂತ ಮೆಷಿನ್‌ಗಳಲ್ಲಿ ಹೆಚ್ಚಿನವು ಸತ್ತಿರುವುದಿಲ್ಲ. ನೀನು ಕೊಟ್ಟ ಅಂಕಿಯಲ್ಲಿ ಏಳಲಾರದೆ ಕೂತಿರುತ್ತವೆ. ವೋಲ್ಟೇಜ್‌ನಿಂದ ಹೋದ ಬೋರ್ಡ್‌ಗಳಿಗಿಂತ, ಆಮೇಲೆ ಅವಸರದಲ್ಲಿ ಎಲ್ಲವನ್ನೂ ಕಿತ್ತು ಪಿನ್ ಬಗ್ಗಿಸಿಕೊಂಡು ಹೋದ ಬೋರ್ಡ್‌ಗಳನ್ನೇ ನಾನು ಹೆಚ್ಚು ನೋಡಿದ್ದೇನೆ. ಅದಕ್ಕೇ ಮೊದಲು ಒಂದು ಲೋಟ ನೀರು ಕುಡಿದು ಕೂತುಕೋ.

ಪವರ್ ಬಟನ್ ಮತ್ತೆ ಮತ್ತೆ ಒತ್ತಬೇಡ. ನೀನು ಏರಿಸಿದ ಅಂಕಿ ಇನ್ನೂ ಬೋರ್ಡ್‌ನ ನೆನಪಿನಲ್ಲೇ ಇದೆ, ಒತ್ತಿದಾಗಲೆಲ್ಲ ಅದೇ ವೋಲ್ಟೇಜ್ ಚಿಪ್‌ಗೆ ಹೋಗುತ್ತದೆ. ಸುಟ್ಟ ವಾಸನೆ ಬಂದಿದ್ದರೆ, ಪ್ರೊಸೆಸರ್ ಸುತ್ತ ಎಲ್ಲಾದರೂ ಕಪ್ಪು ಕಲೆ ಕಂಡರೆ, ಪ್ಲಗ್ ತೆಗೆದು ಅಲ್ಲಿಗೇ ಬಿಟ್ಟುಬಿಡು. ಮುಂದಿನದು ರಿಪೇರಿಯವರ ಕೆಲಸ. ಅಂಥದ್ದೇನೂ ಇಲ್ಲದಿದ್ದರೆ ಒಂದು ಸಲ ಆನ್ ಮಾಡಿ ಎರಡು ಮೂರು ನಿಮಿಷ ಸುಮ್ಮನೆ ನೋಡು. ಕೆಲವು ಬೋರ್ಡ್‌ಗಳು ಒಂದೆರಡು ಸಲ ಸೋತ ಮೇಲೆ ತಾವಾಗಿಯೇ ಹಳೆಯ ಸೆಟ್ಟಿಂಗ್‌ಗೆ ಮರಳುತ್ತವೆ.

ಆ ಹೊತ್ತಿನಲ್ಲಿ ಬೋರ್ಡ್ ಏನು ಹೇಳುತ್ತಿದೆ ಅಂತ ಗಮನಿಸು. ಈಗಿನ ಬಹುತೇಕ ಬೋರ್ಡ್‌ಗಳಲ್ಲಿ ಬಲ ಅಂಚಿನ ಹತ್ತಿರ ನಾಲ್ಕು ಪುಟ್ಟ ದೀಪಗಳಿರುತ್ತವೆ: ಸಿಪಿಯು, ಡ್ರ್ಯಾಮ್, ವಿಜಿಎ, ಬೂಟ್. ಯಾವುದು ಹೊತ್ತಿಕೊಂಡೇ ನಿಲ್ಲುತ್ತದೋ ತಡೆ ಅಲ್ಲಿದೆ. ಬೂಟ್ ದೀಪದ ತನಕ ಬಂದಿದ್ದರೆ ಪ್ರೊಸೆಸರ್ ಬದುಕಿದೆ, ಹುಡುಕಬೇಕಾದ್ದು ಡಿಸ್ಕ್ ಕಡೆ. ವಿಜಿಎ ದೀಪ ನಿಂತರೆ ಕಾರ್ಡ್ ಸರಿಯಾಗಿ ಕೂತಿದೆಯೇ ನೋಡು, ಮಾನಿಟರ್ ಕೇಬಲ್ ಎಲ್ಲಿಗೆ ಹೋಗಿದೆ ಅಂತಲೂ ನೋಡು. ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಚಿಪ್‌ಗಳಲ್ಲಿ ಗ್ರಾಫಿಕ್ಸ್ ಕೆಲಸ ಮಾಡುವುದಿಲ್ಲ, ಬೋರ್ಡ್‌ನ ಎಚ್‌ಡಿಎಂಐಗೆ ಚುಚ್ಚಿದರೆ ಎಷ್ಟು ಹೊತ್ತು ಕಾದರೂ ಕಪ್ಪೇ.

ಸಿಪಿಯು ದೀಪ ನಿಂತಿದೆ ಅಥವಾ ಆನ್ ಆಗಿ ಆಫ್ ಆಗಿ ಸುತ್ತುತ್ತಿದೆ ಅಂದರೆ ಬಯೋಸ್ ಸೆಟ್ಟಿಂಗ್ ಅಳಿಸಬೇಕು. ನಿಧಾನ ಬೇಕಾದದ್ದು ಇಲ್ಲಿಯೇ. ಎಸ್‌ಎಂಪಿಎಸ್‌ನ ಹಿಂದಿನ ಸ್ವಿಚ್ ಆರಿಸಿ ಪವರ್ ಕೇಬಲ್ ಕಿತ್ತು ಪಕ್ಕಕ್ಕಿಡು. ಯುಪಿಎಸ್‌ಗೆ ಚುಚ್ಚಿದ್ದರೆ ಗೋಡೆಯ ಸ್ವಿಚ್ ಆರಿಸಿ ಪ್ರಯೋಜನವಿಲ್ಲ, ಕೇಬಲ್ಲೇ ಹೊರಗೆ ಬರಬೇಕು. ಆಮೇಲೆ ಪವರ್ ಬಟನ್ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿ, ಕೆಪಾಸಿಟರ್‌ಗಳಲ್ಲಿ ಉಳಿದದ್ದು ಇಳಿಯಲಿ. ಬೋರ್ಡ್ ಮೇಲೆ ಯಾವ ದೀಪವೂ ಉಳಿಯಬಾರದು. ಕ್ಯಾಬಿನೆಟ್‌ನ ಬಣ್ಣ ಬಳಿಯದ ಕಬ್ಬಿಣ ಒಮ್ಮೆ ಮುಟ್ಟಿ ಕೈ ಒಳಗೆ ಹಾಕು.

ಬೋರ್ಡ್‌ನ ಕೆಳ ಅಂಚಿನ ಸುತ್ತಮುತ್ತ, ಇಲ್ಲವೇ ದುಂಡು ಸೆಲ್ ಪಕ್ಕದಲ್ಲಿ, ಎರಡೋ ಮೂರೋ ಪಿನ್‌ಗಳ ಬಳಿ ‘ಕ್ಲಿಯರ್ ಸಿಮಾಸ್’, ‘ಸಿಎಲ್‌ಆರ್‌ಟಿಸಿ’ ಅಥವಾ ‘ಜೆಬಿಎಟಿ1’ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಎರಡೇ ಪಿನ್ ಇದ್ದರೆ ಸ್ಕ್ರೂಡ್ರೈವರ್ ತುದಿಯನ್ನು ಎರಡಕ್ಕೂ ಒಟ್ಟಿಗೆ ತಾಗಿಸಿ ಹತ್ತು ಸೆಕೆಂಡ್ ಹಿಡಿ. ಪಕ್ಕದ ಇನ್ಯಾವ ಪಿನ್ನಿಗೂ ತಾಗದ ಹಾಗೆ ಟಾರ್ಚ್ ಬಿಟ್ಟುಕೊಂಡು ಮಾಡು. ಮೂರು ಪಿನ್ ಇದ್ದು ಜಂಪರ್ ಕೂತಿದ್ದರೆ ಅದನ್ನು ಪಕ್ಕದ ಜೋಡಿಗೆ ಸರಿಸಿ, ಮತ್ತೆ ಮೊದಲಿನ ಜಾಗಕ್ಕೇ ತಂದಿಡು. ಪಿನ್ ಸಿಗದಿದ್ದರೆ ಸಿಆರ್2032 ಸೆಲ್ ತೆಗೆ. ಬದಿಯ ಲೋಹದ ನಾಲಿಗೆಯನ್ನು ಉಗುರಿನಿಂದ ಹಿಂದಕ್ಕೆ ತಳ್ಳಿದರೆ ಸೆಲ್ ತಾನೇ ಮೇಲೇಳುತ್ತದೆ. ಮೇಲಿನಿಂದ ಮೀಟಲು ಹೋಗಬೇಡ, ಕ್ಲಿಪ್ ಮುರಿಯುತ್ತದೆ. ಹತ್ತು ನಿಮಿಷ ಹೊರಗಿಟ್ಟು ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸು. ಮಲ್ಟಿಮೀಟರ್ ಇದ್ದರೆ ಹಾಗೇ ಅಳೆದುಬಿಡು: ಹೊಸ ಸೆಲ್ 3 ವೋಲ್ಟ್‌ಗಿಂತ ತುಸು ಮೇಲೆ ತೋರಿಸುತ್ತದೆ, 2.8ಕ್ಕಿಂತ ಕೆಳಗಿದ್ದರೆ ಬದಲಿಸು.

ಇನ್ನು ಈ ಮಾತನ್ನು ಸೆಟ್ಟಿಂಗ್ ಅಳಿಸುವ ಮೊದಲೇ ತಿಳಿದಿರು. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಇದ್ದರೆ, ಅಳಿಸಿದ ಮೇಲೆ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ನಿನ್ನ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಅದು ಇದೆಯೇ ಅಂತ ಫೋನಿನಿಂದ ಮೊದಲು ನೋಡಿಕೋ. ಕೀ ಇಲ್ಲದಿದ್ದರೆ ಡಿಸ್ಕ್ ತೆರೆಯುವುದಿಲ್ಲ, ಅಂಗಡಿಯವರಿಗೂ ಆಗುವುದಿಲ್ಲ. ಹಳೆಯ ರೀತಿಯಲ್ಲಿ ಇನ್‌ಸ್ಟಾಲ್ ಮಾಡಿದ ವಿಂಡೋಸ್ ಆಗಿದ್ದರೆ ಹಳೆಯ ಬೂಟ್ ವಿಧಾನದ ಸಿಎಸ್‌ಎಂ ಸೆಟ್ಟಿಂಗ್ ಆಫ್ ಆಗಿ ಡಿಸ್ಕ್ ಸಿಗದೆ ಹೋಗಬಹುದು. ಸ್ಟೋರೇಜ್ ಮೋಡ್ ಬದಲಾಗಿ ನೀಲಿ ಪರದೆಯೂ ಬರಬಹುದು. ಇವೆರಡೂ ಸೆಟ್ಟಿಂಗ್‌ನ ಸಮಸ್ಯೆ, ವಿಂಡೋಸ್ ಅಳಿಸಿ ಹಾಕುವುದಕ್ಕೆ ಕಾರಣ ಅಲ್ಲ. ಡಿಡಿಆರ್5 ಬೋರ್ಡ್ ಆದರೆ ಅಳಿಸಿದ ನಂತರದ ಮೊದಲ ಆನ್‌ನಲ್ಲಿ ಮೆಮೊರಿ ಟ್ರೈನಿಂಗ್‌ಗೆ ಹಲವು ನಿಮಿಷ ಹಿಡಿಯುತ್ತದೆ. ತಾಳ್ಮೆ ಕೆಟ್ಟು ಮಧ್ಯದಲ್ಲಿ ಆಫ್ ಮಾಡಬೇಡ.

ಆಗಲೂ ಬರಲಿಲ್ಲವೇ? ಪ್ರೊಸೆಸರ್, ಕೂಲರ್, ಒಂದೇ ಒಂದು ರ‍್ಯಾಮ್, ಚಿಪ್‌ನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಕಾರ್ಡ್, ಇಷ್ಟರಲ್ಲಿ ಪ್ರಯತ್ನಿಸು. ಬೋರ್ಡ್‌ನ ಮೇಲಿನ ಎಡ ಮೂಲೆಗೆ ಹೋಗುವ 8 ಪಿನ್‌ನ 12 ವೋಲ್ಟ್ ಕೇಬಲ್ ಗಟ್ಟಿಯಾಗಿ ಕೂತಿದೆಯೇ ಒತ್ತಿ ನೋಡು. ಎಸ್‌ಎಂಪಿಎಸ್ ಮೇಲೆ ಅನುಮಾನ ಬಂದರೆ ಸ್ನೇಹಿತರಿಂದ ಬೇರೆಯದನ್ನು ತಂದು ಹಚ್ಚಿ ನೋಡು, ಅದರ ಡಬ್ಬಿಯನ್ನು ಮಾತ್ರ ಬಿಚ್ಚಬೇಡ. ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಹೆಚ್ಚು ಡಿಸಿ ಇರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಪ್ರೊಸೆಸರ್ ತೆಗೆಯುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಎಎಂಡಿಯ ಎಎಂ4 ಸಾಕೆಟ್ ಆದರೆ ಪಿನ್‌ಗಳು ಚಿಪ್ಪಿನಲ್ಲೇ ಇರುತ್ತವೆ. ಒಣಗಿದ ಥರ್ಮಲ್ ಪೇಸ್ಟ್ ಅಂಟಿಕೊಂಡು ಕೂಲರ್ ಜೊತೆಗೇ ಚಿಪ್ ಸಾಕೆಟ್‌ನಿಂದ ಕಿತ್ತು ಬರಬಹುದು. ಕೂಲರನ್ನು ನೇರ ಮೇಲಕ್ಕೆ ಎಳೆಯದೆ, ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುವಿ ಬಿಡಿಸಿಕೋ.

ಮೆಷಿನ್ ಎದ್ದಿತು ಅಂದುಕೋ. ಮತ್ತೆ ಬಯೋಸ್‌ಗೆ ಹೋಗಿ ಅದೇ ಅಂಕಿ ಹಾಕಬೇಕೆಂಬ ಆಸೆ ಬರುತ್ತದೆ. ಆಗ ನನ್ನ ಮಾತು ಕೇಳು. ವೇಗ ಅಷ್ಟೇ ಇದ್ದರೂ ಚಿಪ್ ತಿನ್ನುವ ವಿದ್ಯುತ್ತು ವೋಲ್ಟೇಜ್‌ನ ವರ್ಗಕ್ಕೆ ಸರಿಯಾಗಿ ಏರುತ್ತದೆ. 1.2ರಿಂದ 1.4ಕ್ಕೆ ಹೋದರೆ ವೋಲ್ಟೇಜ್ ಏರಿದ್ದು ಸುಮಾರು ಶೇ. 17, ವಿದ್ಯುತ್ತು ಏರಿದ್ದು ಶೇ. 36ರಷ್ಟು. ಸೋರಿಕೆಯ ಕರೆಂಟ್ ಲೆಕ್ಕ ಅದರ ಮೇಲೆ ಬೇರೆ. ಅಷ್ಟೂ ಬಿಸಿಯನ್ನು ನಿನ್ನ ಕೂಲರ್ ಹೊರಬೇಕು, ಅಷ್ಟೂ ಕರೆಂಟನ್ನು ಬೋರ್ಡ್‌ನ ರೆಗ್ಯುಲೇಟರ್ ಕೊಡಬೇಕು. ಕೊಡಲಾಗದಿದ್ದಾಗ ಅದು ತನ್ನನ್ನು ಉಳಿಸಿಕೊಳ್ಳಲು ಆಫ್ ಆಗುತ್ತದೆ. ನಿನಗೆ ಕಂಡ ಕಪ್ಪು ಪರದೆ ಎಷ್ಟೋ ಸಲ ಅದೇ.

ಏರಿಸಿ ಲಾಭ ಪಡೆದ ಕಾಲವೂ ಇತ್ತು. 1998ರಲ್ಲಿ ಬಂದ ಇಂಟೆಲ್‌ನ ಸೆಲೆರಾನ್ 300ಎ ಚಿಪ್ಪನ್ನು ಬಸ್ 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿ 450ಕ್ಕೆ ಓಡಿಸುತ್ತಿದ್ದರು. ಕೊಟ್ಟ ದುಡ್ಡಿಗೆ ಒಂದೂವರೆ ಪಟ್ಟು ವೇಗ! ಆಗ ಕಂಪನಿ ಚಿಪ್‌ನಲ್ಲಿ ಅಷ್ಟು ಅವಕಾಶ ಉಳಿಸಿರುತ್ತಿತ್ತು. ಈಗಿನ ಚಿಪ್‌ಗಳು ತಾವೇ ಬೂಸ್ಟ್ ಆಗಿ ಮಿತಿಯ ಹತ್ತಿರ ಓಡುತ್ತವೆ, ನಿನಗೆ ಉಳಿಸಿರುವುದು ಬಹಳ ಕಡಿಮೆ. 2023ರಲ್ಲಿ ಎಎಂಡಿಯ 7000 ಸರಣಿಯ ಕೆಲವು ಎಕ್ಸ್3ಡಿ ಚಿಪ್‌ಗಳು ಸಾಕೆಟ್‌ನಲ್ಲೇ ಸುಟ್ಟುಹೋದವು. ಎಸ್‌ಓಸಿ ವೋಲ್ಟೇಜ್ 1.3 ದಾಟದಂತೆ ಹೊಸ ಬಯೋಸ್ ಕೊಡಬೇಕಾಯಿತು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಹಲವು ಡೆಸ್ಕ್‌ಟಾಪ್ ಚಿಪ್‌ಗಳು ಹೆಚ್ಚಿನ ವೋಲ್ಟೇಜ್‌ನಿಂದ ಕ್ರಮೇಣ ಸವೆಯುತ್ತಿವೆ ಎಂದು ಗೊತ್ತಾಯಿತು. ಆಗಸ್ಟ್‌ನಲ್ಲಿ 1.55ರ ಮಿತಿ ಹಾಕಿದ ಮೈಕ್ರೋಕೋಡ್ ಬಂತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿದರು. ಚಿಪ್ ಮಾಡಿದವರಿಗೇ ಇಷ್ಟು ಕಷ್ಟವಾದ ಕೆಲಸವನ್ನು ನೀನು ಅಂದಾಜಿನಲ್ಲಿ ಮಾಡಬಾರದು. ನಿನ್ನ ವಯಸ್ಸಿನ ಕುತೂಹಲ ನನಗೆ ಬಹಳ ಇಷ್ಟ. ಅದನ್ನು ವೋಲ್ಟೇಜ್ ಇಳಿಸುವುದರಲ್ಲಿ ತೋರಿಸು. ಚಿಪ್ ತಂಪಾದಂತೆ ತಾನೇ ಹೆಚ್ಚು ಹೊತ್ತು ಬೂಸ್ಟ್‌ನಲ್ಲಿ ನಿಲ್ಲುತ್ತದೆ. ಏರಿಸಲೇಬೇಕಿದ್ದರೆ ಬಯೋಸ್ ಪರದೆಯ ಫೋಟೋ ಮೊದಲು ತೆಗೆದಿಟ್ಟು, ಒಂದು ಸಲಕ್ಕೆ 0.01 ಅಥವಾ 0.02 ವೋಲ್ಟ್, ಒಂದೇ ಸೆಟ್ಟಿಂಗ್.

ಯಾವುದಕ್ಕೂ ಬಗ್ಗದಿದ್ದರೆ ಅಂಗಡಿಗೆ ಒಯ್ಯು. ಸ್ನೇಹಿತನ ಒಳ್ಳೆಯ ಪ್ರೊಸೆಸರನ್ನು ನಿನ್ನ ಅನುಮಾನದ ಬೋರ್ಡ್‌ಗೆ ಹಾಕಿ ನೋಡಬೇಡ, ರೆಗ್ಯುಲೇಟರ್ ಹೋಗಿದ್ದರೆ ಅದೂ ಹೋಗಬಹುದು. ಬೋರ್ಡ್ ಮಾಡೆಲ್, ಬಯೋಸ್ ವರ್ಷನ್, ಯಾವ ಸೆಟ್ಟಿಂಗ್ ಎಷ್ಟರಿಂದ ಎಷ್ಟಕ್ಕೆ ಏರಿಸಿದೆ, ಯಾವ ದೀಪ ನಿಂತಿತು, ಇದೆಲ್ಲ ಒಂದು ಚೀಟಿಯಲ್ಲಿ ಬರೆದು ಬೋರ್ಡ್ ಜೊತೆಗೆ ಕೊಡು. ವಾರಂಟಿ ಹೋದೀತು ಅಂತ ವೋಲ್ಟೇಜ್ ವಿಷಯ ಮುಚ್ಚಿಡಬೇಡ. ಅದು ಗೊತ್ತಿದ್ದರೆ ರಿಪೇರಿಯವನು ಮೀಟರ್ ಹಿಡಿದು ನೇರ ರೆಗ್ಯುಲೇಟರ್‌ಗೇ ಹೋಗುತ್ತಾನೆ.