ಕಡಿಮೆ ಬೆಲೆಯ ವಿದ್ಯುತ್ ಗಿಟಾರ್: ಕೊಳ್ಳುವ ಬಗೆ, ಹದಗೊಳಿಸುವ ಬಗೆ

ಭಜನೆಯ ಹಾರ್ಮೋನಿಯಂ, ತಬಲಾ, ತಾಳಗಳ ನಾದವನ್ನು ಕೇಳುತ್ತ ಬೆಳೆದ ನಮ್ಮ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯ ಮಕ್ಕಳಲ್ಲಿ ಕೆಲವರಿಗೆ ಈಗ ವಿದ್ಯುತ್ ಗಿಟಾರಿನ ಮೇಲೆ ಮನಸ್ಸು ಹೋಗಿದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹಿರಿಯರು ಬೆವರು ಸುರಿಸಿ ಗಳಿಸಿದ ಹಣ ಇದಕ್ಕೆ ಖರ್ಚಾಗುತ್ತದೆ. ಅಗ್ಗದ ವಾದ್ಯವೊಂದು ಮನೆಗೆ ಬರುತ್ತದೆ. ತಂತಿ ಒತ್ತಿದರೆ ಬೆರಳು ನೋಯುತ್ತದೆ, ಸ್ವರ ಕೂಡುವುದಿಲ್ಲ. ಎರಡು ತಿಂಗಳಲ್ಲಿ ವಾದ್ಯ ಅಟ್ಟ ಸೇರುತ್ತದೆ. ‘ನನಗೆ ಸಂಗೀತ ಬರುವುದಿಲ್ಲ’ ಎಂದು ಮಗು ಕೈಬಿಡುತ್ತದೆ. ‘ದುಡ್ಡು ದಂಡವಾಯಿತು’ ಎಂದು ತಂದೆ ನೊಂದುಕೊಳ್ಳುತ್ತಾರೆ. ಬಹಳ ಸಲ ಇಲ್ಲಿ ದೋಷ ಮಗುವಿನ ಕೈಯಲ್ಲಿ ಇರುವುದಿಲ್ಲ; ವಾದ್ಯವನ್ನು ಹದಗೊಳಿಸದೆ ನುಡಿಸಿದುದರಲ್ಲಿ ಇರುತ್ತದೆ. ಆ ಹದವನ್ನು ವಿಜ್ಞಾನದ ಪಾಠದ ನೆರವಿನಿಂದ ತಿಳಿದುಕೊಳ್ಳೋಣ.

ಗಿಟಾರ್ ನುಡಿಯುವುದು ಹೇಗೆ?

ವೀಣೆ, ಸಿತಾರುಗಳಲ್ಲಿ ತಂತಿಯ ಕಂಪನವನ್ನು ಟೊಳ್ಳಾದ ಬುರುಡೆ ದೊಡ್ಡದು ಮಾಡುತ್ತದೆ. ಸಾಮಾನ್ಯವಾದ ವಿದ್ಯುತ್ ಗಿಟಾರಿನ ಒಡಲು ಗಟ್ಟಿ ಮರದ ಹಲಗೆ. ಅದರ ಮೇಲೆ, ತಂತಿಗಳ ಕೆಳಗೆ, ಪಿಕಪ್ ಎಂಬ ಭಾಗವಿದೆ. ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರೆ ಅದೇ ಪಿಕಪ್. ಉಕ್ಕಿನ ತಂತಿ ಕಂಪಿಸಿದಾಗ ಅಲ್ಲಿನ ಕಾಂತಕ್ಷೇತ್ರ ಬದಲಾಗುತ್ತದೆ; ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಆ ಸಣ್ಣ ವಿದ್ಯುತ್ತನ್ನು ಆಂಪ್ಲಿಫೈಯರ್ ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ. ನೈಲಾನ್ ತಂತಿಯನ್ನು ಅಯಸ್ಕಾಂತ ಎಳೆಯುವುದಿಲ್ಲವಾದ್ದರಿಂದ ಇಂತಹ ಪಿಕಪ್ಪಿನ ಮೇಲೆ ಅದು ಮೂಕವಾಗಿರುತ್ತದೆ.

ಅಮೆರಿಕದಲ್ಲಿ ಜಾರ್ಜ್ ಬೋಷಾಂ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಎಂಬವರು 1931ರ ಸುಮಾರಿಗೆ ಇಂತಹ ಗಿಟಾರನ್ನು ರೂಪಿಸಿದರು. ಈ ವಿದ್ಯೆ ನಮ್ಮ ಸಂಗೀತಕ್ಕೆ ಹೊರಗಿನದೆಂದು ತಿಳಿಯಬೇಕಾಗಿಲ್ಲ. ಆಂಧ್ರದ ಪಾಲಕೊಲ್ಲಿನಲ್ಲಿ ಹುಟ್ಟಿದ ಯು. ಶ್ರೀನಿವಾಸ್ (1969–2014) ವಿದ್ಯುತ್ ಮ್ಯಾಂಡೊಲಿನ್ನಿನಲ್ಲಿ ಕರ್ನಾಟಕ ಸಂಗೀತ ನುಡಿಸಿ ಹೆಸರಾದರು. ಮ್ಯಾಂಡೊಲಿನ್ನಿಗೆ ಸಾಮಾನ್ಯವಾಗಿ ನಾಲ್ಕು ಜೋಡಿ ತಂತಿ. ಅವರು ನಮ್ಮ ರಾಗಗಳಿಗೆ ಒಗ್ಗುವಂತೆ ಐದು ಒಂಟಿ ತಂತಿಗಳನ್ನು ಇಟ್ಟುಕೊಂಡರು.

ಕೊಳ್ಳುವಾಗ ನೋಡತಕ್ಕದ್ದು

ಗದ್ವಾಲದ ಸೀರೆಯನ್ನು ಎಲ್ಲರೂ ಬಲ್ಲೆವು. ಹೆಸರಾದ ಆ ಸೀರೆಯ ಮೈ ಹತ್ತಿ. ಅಂಚು, ಸೆರಗು ರೇಷ್ಮೆ. ಬೆಲೆಯುಳ್ಳ ನೂಲನ್ನು ಎಲ್ಲಿ ಬೇಕೋ ಅಲ್ಲಿ ಮಾತ್ರ ಹಾಕುವ ಜಾಣತನ ಅದರಲ್ಲಿದೆ. ಗಿಟಾರಿಗೂ ಅದೇ ಲೆಕ್ಕ. ಹೊಳೆಯುವ ಬಣ್ಣಕ್ಕೂ ಒಡಲಿನ ಆಕಾರಕ್ಕೂ ಹಣ ಸುರಿಯಬಾರದು. ದಂಡಿ, ಮೆಟ್ಟಿಲು, ಬಿರಡೆ, ಈ ಮೂರು ಸರಿಯಾಗಿದ್ದರೆ ಉಳಿದುದನ್ನು ಆಮೇಲೆ ತಿದ್ದಬಹುದು. ರಾಯಚೂರಿಗೋ ಹೈದರಾಬಾದಿಗೋ ಹೋಗಿ ಕೊಳ್ಳುವವರು ಒಂದು ಅಳತೆಪಟ್ಟಿಯನ್ನು ಜೊತೆಗೆ ಒಯ್ಯಲಿ. ಹಳೆಯ ವಾದ್ಯಕ್ಕೂ ಈ ಪರೀಕ್ಷೆಗಳೇ ಸಾಕು.

1. ದಂಡಿಯ ತುದಿಯಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಬೇಕು. ದಂಡಿ ತಿರುಚಿಕೊಂಡಿದ್ದರೆ ಎಷ್ಟು ಅಗ್ಗವಾದರೂ ಬೇಡ. ಈ ದೋಷವನ್ನು ಮನೆಯಲ್ಲಿ ತಿದ್ದಲಾಗದು.

2. ಬಿರಡೆಗಳ ಬಳಿ ತಂತಿ ಕೂರುವ ಚಿಕ್ಕ ಪಟ್ಟಿಯಿಂದ 12ನೆಯ ಮೆಟ್ಟಿಲಿಗೆ ಎಷ್ಟು ದೂರವೋ, ಅಲ್ಲಿಂದ ಕುದುರೆಗೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ತಂತಿಯ ಅಳತೆ 648 ಮಿ.ಮೀ. ಆದರೆ ಮೊದಲ ಅರ್ಧ 324 ಮಿ.ಮೀ. ಕುದುರೆಯ ಕಡೆಗೆ ಕೆಲವು ಮಿ.ಮೀ. ಹೆಚ್ಚಿರುವುದು ಸಹಜ. ತಂತಿಯ ಉದ್ದ ಅರ್ಧವಾದರೆ ಆವೃತ್ತಿ ಇಮ್ಮಡಿಯಾಗಿ ಮೇಲಿನ ಷಡ್ಜ ಬರುತ್ತದೆ. ನಡುವಿನ 12 ಮೆಟ್ಟಿಲುಗಳೇ ಹಾರ್ಮೋನಿಯಂನ 12 ಮನೆಗಳು.

3. ಪ್ರತಿ ತಂತಿಯನ್ನೂ ಪ್ರತಿ ಮೆಟ್ಟಿಲಿನಲ್ಲೂ ಒತ್ತಿ ನುಡಿಸಬೇಕು. ಎಲ್ಲಿಯಾದರೂ ಝರ್ ಎಂದರೆ ಗುರುತಿಟ್ಟುಕೊಳ್ಳಬೇಕು.

4. ಆಂಪ್ಲಿಫೈಯರಿಗೆ ಸೇರಿಸಿ, ಗುಂಡಿಗಳನ್ನು ತಿರುಗಿಸಿ ಕೇಳಬೇಕು. ಬರಿಯ ಕರಕರ ಸದ್ದಾದರೆ ಅದು ಧೂಳು. ಸದ್ದೇ ನಿಂತರೆ ಬೆಸುಗೆ ಬಿಟ್ಟಿದೆ. ಎರಡೂ ಅಲ್ಪ ಖರ್ಚಿನಲ್ಲಿ ಸರಿಯಾಗುತ್ತವೆ. ಈ ನೆಪದಲ್ಲಿ ಬೆಲೆ ಇಳಿಸಿ ಕೇಳಲೂಬಹುದು.

ಇಟ್ಟುಕೊಂಡ ಹಣವನ್ನೆಲ್ಲ ಗಿಟಾರಿಗೇ ಹಾಕದೆ ಹೊಸ ತಂತಿ, ಚಿಕ್ಕ ಆಂಪ್ಲಿಫೈಯರ್, ವೈರುಗಳಿಗೆ ಒಂದು ಪಾಲು ತೆಗೆದಿಡಬೇಕು. ಇಯರ್‌ಫೋನ್ ಹಾಕಿ ಕೇಳುವ ಅನುಕೂಲವಿರುವ ಚಿಕ್ಕ ಆಂಪ್ಲಿಫೈಯರ್ ಆದರೆ ನೆರೆಹೊರೆಯವರಿಗೂ ನೆಮ್ಮದಿ.

ಹದಗೊಳಿಸುವ ಕ್ರಮ

ಮೊದಲು ತುಕ್ಕು ಹಿಡಿದ ತಂತಿಗಳನ್ನು ತೆಗೆದು ಹೊಸವನ್ನು ಕಟ್ಟಬೇಕು. ಕಲಿಯುವವರಿಗೆ 0.009 ಅಂಗುಲದಿಂದ 0.042 ಅಂಗುಲದವರೆಗಿನ ತೆಳು ತಂತಿಗಳು ಹಿತ. ತಂತಿ ಕೂರುವ ಪಟ್ಟಿಯ ಗೀರುಗಳಿಗೆ ಪೆನ್ಸಿಲಿನ ಮೊನೆ ಉಜ್ಜಿದರೆ ಅದರ ಗ್ರಾಫೈಟಿನಿಂದ ತಂತಿ ಸಿಕ್ಕಿಕೊಳ್ಳದೆ ಜಾರುತ್ತದೆ, ಶ್ರುತಿ ನಿಲ್ಲುತ್ತದೆ.

ಎರಡನೆಯದು ದಂಡಿ. ಹಾಸಿನ ನೂಲು ಮಗ್ಗವನ್ನು ಎಳೆಯುವಂತೆ ಆರು ತಂತಿಗಳು ಸೇರಿ ದಂಡಿಯನ್ನು ಎಳೆಯುತ್ತವೆ. ಅದಕ್ಕೆದುರಾಗಿ ದಂಡಿಯೊಳಗೆ ಒಂದು ಕಬ್ಬಿಣದ ಸರಳು ಇರುತ್ತದೆ. ತಂತಿಯನ್ನು ಮೊದಲ ಮತ್ತು ಕೊನೆಯ ಮೆಟ್ಟಿಲಿನಲ್ಲಿ ಒತ್ತಿ ಹಿಡಿದಾಗ ನಡುವೆ ತೆಳು ಕಾರ್ಡಿನಷ್ಟು ಸಂದು ಇರಬೇಕು. ಹೆಚ್ಚಾದರೆ ಸರಳಿನ ತಿರುಪನ್ನು ಬಿಗಿ ಮಾಡಬೇಕು. ಇಲ್ಲವೇ ಇಲ್ಲವಾದರೆ ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಕೂಡದು. ಬಿಗಿಯೆನಿಸಿದರೆ ಬಲ್ಲವರಿಗೆ ತೋರಿಸಬೇಕು.

ಮೂರನೆಯದು ತಂತಿಯ ಎತ್ತರ. ಬೆರಳ ನೋವಿನ ಮೂಲ ಹೆಚ್ಚಾಗಿ ಇಲ್ಲಿದೆ. 12ನೆಯ ಮೆಟ್ಟಿಲಿನ ಮೇಲೆ ದಪ್ಪ ತಂತಿಯ ಅಡಿಯಲ್ಲಿ ಸುಮಾರು 2 ಮಿ.ಮೀ., ತೆಳು ತಂತಿಯ ಅಡಿಯಲ್ಲಿ ಸುಮಾರು 1.5 ಮಿ.ಮೀ. ಜಾಗ ಸಾಕು. ಕುದುರೆಯ ಸಣ್ಣ ತಿರುಪುಗಳನ್ನು ತಿರುಗಿಸಿ ಇದನ್ನು ಹೊಂದಿಸಬಹುದು.

ನಾಲ್ಕನೆಯದು ಸ್ವರಶುದ್ಧಿ. ಬಿಟ್ಟ ತಂತಿಯನ್ನು ಶ್ರುತಿ ಮಾಡಿ, 12ನೆಯ ಮೆಟ್ಟಿಲಿನಲ್ಲಿ ಒತ್ತಿ ನುಡಿಸಬೇಕು. ಸರಿಯಾಗಿ ಮೇಲಿನ ಷಡ್ಜವೇ ಬರಬೇಕು. ಸ್ವರ ಏರಿದ್ದರೆ ಕುದುರೆಯ ಆ ತಂತಿಯ ಬಿಲ್ಲೆಯನ್ನು ಹಿಂದಕ್ಕೆ ಸರಿಸಿ ತಂತಿಯನ್ನು ಉದ್ದ ಮಾಡಬೇಕು. ಇಳಿದಿದ್ದರೆ ಮುಂದಕ್ಕೆ ಸರಿಸಬೇಕು.

ಇಷ್ಟಾದ ಮೇಲೂ ಧ್ವನಿ ಹಿಡಿಸದಿದ್ದರೆ ಮಾತ್ರ ಪಿಕಪ್ ಬದಲಿಸುವ ಯೋಚನೆ ಮಾಡಬಹುದು. ಒಂಟಿ ಸುರುಳಿಯ ಪಿಕಪ್ ಮನೆಯ ವಿದ್ಯುತ್ತಿನ 50 ಹರ್ಟ್ಸ್ ಗುಂಯ್ ಸದ್ದನ್ನೂ ಹಿಡಿಯುತ್ತದೆ. ಗಿಬ್ಸನ್ ಕಂಪೆನಿಯ ಸೇತ್ ಲವರ್ 1955ರಲ್ಲಿ ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿ ಆ ಗದ್ದಲ ತನ್ನಿಂದ ತಾನೇ ಅಳಿಯುವಂತೆ ಮಾಡಿದರು.

ಎಚ್ಚರಿಕೆ

ಪಿಕಪ್ಪಿನ ವಿದ್ಯುತ್ತು ಅತ್ಯಲ್ಪ, ಅಪಾಯವಿಲ್ಲ. ಆದರೆ ಗೋಡೆಯ ಪ್ಲಗ್ಗಿನಿಂದ ನಡೆಯುವ ಆಂಪ್ಲಿಫೈಯರಿನಲ್ಲಿ 230 ವೋಲ್ಟ್ ಇದೆ. ಅದನ್ನು ಮಕ್ಕಳು ಬಿಚ್ಚಲೇಬಾರದು. ಮೂರು ಪಿನ್ನಿನ ಪ್ಲಗ್ಗು ಮತ್ತು ಸರಿಯಾದ ಅರ್ತಿಂಗ್ ಇಲ್ಲದ ಕಡೆ ನುಡಿಸಬಾರದು. 1972ರಲ್ಲಿ ಲೆಸ್ ಹಾರ್ವೆ ಎಂಬ ಸ್ಕಾಟ್ಲೆಂಡಿನ ಗಿಟಾರ್ ವಾದಕ ಅರ್ತಿಂಗ್ ಇಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ತೀರಿಕೊಂಡರು. ಇನ್ನು, ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ. ತಗಡಿನ ಮಾಡಿನ ಕೆಳಗೆ, ಬಿಸಿಲು ಬೀಳುವ ಗೋಡೆಗೆ ಒರಗಿಸಿ ಇಟ್ಟರೆ ಮರ ಒಣಗಿ ದಂಡಿ ಬಾಗುತ್ತದೆ.

ತಂದೆ ಮಗ ಕೂಡಿ ಮಾಡಿದ ಗಿಟಾರ್

1963ರಲ್ಲಿ ಇಂಗ್ಲೆಂಡಿನ ಬ್ರಯನ್ ಮೇ ಎಂಬ ಹುಡುಗನಿಗೆ ಒಳ್ಳೆಯ ಗಿಟಾರ್ ಕೊಳ್ಳುವಷ್ಟು ಹಣವಿರಲಿಲ್ಲ. ಆತ ತಂದೆಯೊಡನೆ ಕೂಡಿ ಸುಮಾರು ಎರಡು ವರ್ಷ ದುಡಿದು ಮನೆಯಲ್ಲಿಯೇ ಒಂದನ್ನು ಮಾಡಿದ. ದಂಡಿಗೆ ಹಳೆಯ ಬೆಂಕಿಗೂಡಿನ ಮರ. ಮೆಟ್ಟಿಲುಗಳ ನಡುವಿನ ಗುರುತಿಗೆ ತಾಯಿಯ ಹೊಲಿಗೆಪೆಟ್ಟಿಗೆಯ ಮುತ್ತಿನ ಚಿಪ್ಪಿನ ಗುಂಡಿಗಳು. ಸ್ಪ್ರಿಂಗುಗಳು ಹಳೆಯ ಮೋಟಾರ್ ಸೈಕಲ್ಲಿನವು. ತಾನೇ ಸುತ್ತಿದ ಪಿಕಪ್ ಹಿಡಿಸದಿದ್ದಾಗ ಅದನ್ನು ಮಾತ್ರ ಹಣ ಕೊಟ್ಟು ತಂದ. ಮುಂದೆ ‘ಕ್ವೀನ್’ ಎಂಬ ತಂಡದಲ್ಲಿ ಅದೇ ಗಿಟಾರ್ ಲೋಕವೆಲ್ಲ ಕೇಳಿತು. ಓದನ್ನೂ ಅವರು ಕೈಬಿಡಲಿಲ್ಲ. 2007ರಲ್ಲಿ ಖಗೋಳ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು.

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ: ಮಗು ಗಿಟಾರ್ ಕೇಳಿದಾಗ ತಕ್ಷಣ ಬೇಡವೆನ್ನುವುದೂ ಬೇಡ, ಸಾಲ ಮಾಡಿ ದುಬಾರಿಯದನ್ನು ತರುವುದೂ ಬೇಡ. ದಂಡಿ ನೆಟ್ಟಗಿರುವ ಸಾಧಾರಣ ವಾದ್ಯವೊಂದನ್ನು ತಂದು, ಒಂದು ಭಾನುವಾರ ಮಗುವಿನ ಜೊತೆ ಕುಳಿತು ಹದಗೊಳಿಸಿರಿ. ವಿದ್ಯಾರ್ಥಿಗಳೂ ಅಷ್ಟೇ: ಸಂಗೀತ ತನಗೆ ಬಾರದೆಂದು ತೀರ್ಮಾನಿಸುವ ಮೊದಲು 12ನೆಯ ಮೆಟ್ಟಿಲಿನ ಮೇಲೆ ಅಳತೆಪಟ್ಟಿ ಇಟ್ಟು ನೋಡಿರಿ.